ನಮ್ಮ ಸೀಮೆಯ ಮಾಳಿಗೆ ಮನೆ ಬರೆಯುವವರು ಬೇಕು

ಚಿತ್ರಕಲೆ: ಓದುಗರ ಪ್ರಶ್ನೆಗಳಿಗೆ ಕೊಪ್ಪಳದ ನಿವೃತ್ತ ಚಿತ್ರಕಲಾ ಶಿಕ್ಷಕಿಯ ಉತ್ತರ

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ಸಿಂಧನೂರಿನ ರೈಸ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ವಯಸ್ಸು 32, ಒಬ್ಬಳು ಮಗಳಿದ್ದಾಳೆ. ಚಿಕ್ಕಂದಿನಿಂದಲೂ ಚಿತ್ರದ ಹುಚ್ಚು. ರಾತ್ರಿ ಊಟವಾದ ಮೇಲೆ ಒಂದೆರಡು ತಾಸು ಬರೆಯುತ್ತೇನೆ. ಹೋದ ವರ್ಷ ಮಕ್ಕಳ ಕಥೆಯೊಂದಕ್ಕೆ ಬರೆದ ಚಿತ್ರಗಳು ಪತ್ರಿಕೆಯಲ್ಲಿ ಬಂದವು. ಆಮೇಲೆ ಏನೂ ಆಗಲಿಲ್ಲ. ಈಗ ಹಾಳೆ ಮುಂದಿಟ್ಟುಕೊಂಡು ಕುಳಿತರೆ ಏನು ಬರೆಯಬೇಕೆಂದೇ ತೋಚುವುದಿಲ್ಲ. ಮೊಬೈಲಿನಲ್ಲಿ ಯಾರದೋ ಚಿತ್ರ ನೋಡಿ ನಕಲು ಮಾಡಿ ಮಲಗುತ್ತೇನೆ. ನಾಲ್ಕು ಪದ ಟೈಪ್ ಮಾಡಿದರೆ ಯಂತ್ರವೇ ಚಿತ್ರ ಕೊಡುವ ಈ ಕಾಲದಲ್ಲಿ ನಾನು ಯಾರಿಗಾಗಿ, ಯಾಕಾಗಿ ಬರೆಯಬೇಕು? ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೆ ಸ್ಫೂರ್ತಿ ಸಿಗಬಹುದೇ?
(ಹೆಸರು ಬೇಡ, ಸಿಂಧನೂರು)

ಉತ್ತರ: ಕೆಲಸ ಬಿಡಬೇಡಿ. ಮಗಳಿರುವ ಮನೆಗೆ ತಿಂಗಳ ಸಂಬಳ ಬೇಕು, ಅದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಬೆಂಗಳೂರಿನ ಎಷ್ಟೋ ಚಿತ್ರಕಾರರು ಕಾಲಿಡಲಾರದ ಜಾಗದಲ್ಲಿ ನೀವು ದಿನವಿಡೀ ಕುಳಿತಿರುತ್ತೀರಿ. ನಿಮ್ಮ ಪತ್ರದಲ್ಲಿ ಮಿಲ್ಲಿನ ಬಗ್ಗೆ ಇರುವುದು ಒಂದೇ ಒಂದು ಸಾಲು, ಅದೂ ಹೊಟ್ಟೆಪಾಡಿನ ಲೆಕ್ಕದಲ್ಲಿ ಬಂದಿದೆ. ನನ್ನ ಉತ್ತರವೆಲ್ಲ ಆ ಸಾಲಿನ ಸುತ್ತಲೇ ಇರುತ್ತದೆ.

ಮೊದಲು ಯಾರಿಗಾಗಿ ಎಂಬುದನ್ನು ನೋಡೋಣ. ಯಲಬುರ್ಗಾ ತಾಲ್ಲೂಕಿನ ಒಂದು ಶಾಲೆಯಲ್ಲಿ ನಾನು ಪಾಠ ಮಾಡುತ್ತಿದ್ದಾಗ ಆರನೇ ತರಗತಿಯ ಮಕ್ಕಳಿಗೆ 'ನಮ್ಮ ಮನೆ' ಬರೆಯಲು ಹೇಳಿದೆ. ಹೆಚ್ಚುಕಡಿಮೆ ಇಡೀ ತರಗತಿ ಒಂದೇ ಮನೆಯನ್ನು ಬರೆಯಿತು. ಇಳಿಜಾರಾದ ಕೆಂಪು ಹೆಂಚಿನ ಮಾಡು, ಪಕ್ಕದಲ್ಲಿ ತೆಂಗಿನ ಮರ, ಹಿಂದೆ ಎರಡು ಗುಡ್ಡ, ನಡುವೆ ಸೂರ್ಯ, ಮುಂದೆ ಹರಿಯುವ ಹೊಳೆ. ಆ ಊರಿನಲ್ಲಿ ಹೊಳೆ ಇರಲಿಲ್ಲ. ತೆಂಗಿನ ಮರ ಹುಡುಕಿದರೂ ಸಿಗುತ್ತಿರಲಿಲ್ಲ. ಆ ಮಕ್ಕಳೆಲ್ಲ ಹುಟ್ಟಿ ಬೆಳೆದದ್ದು ಮಣ್ಣಿನ ಮಾಳಿಗೆಯ, ಅಂದರೆ ಸಪಾಟು ಮಣ್ಣಿನ ಚಾವಣಿಯ ಮನೆಗಳಲ್ಲಿ. ಒಬ್ಬ ಹುಡುಗಿಯನ್ನು ಕರೆದು, ನಿಮ್ಮ ಮನೆ ಹೀಗಿದೆಯೇನಮ್ಮ ಎಂದು ಕೇಳಿದೆ. "ಇಲ್ಲ ಅಕ್ಕಾವರೇ, ಚಿತ್ರದ ಮನೆ ಹೀಗಿರುತ್ತದೆ" ಎಂದಳು.

ಚಿತ್ರದ ಮನೆ ಬೇರೆ, ತನ್ನ ಮನೆ ಬೇರೆ ಎಂದು ಆ ಮಗುವಿಗೆ ಕಲಿಸಿದವರು ಯಾರು? ಅವಳ ಕೈಗೆ ಬಂದ ಪುಸ್ತಕಗಳೇ. ಅವುಗಳಿಗೆ ಚಿತ್ರ ಬರೆದವರು ಮಲೆನಾಡಿನಲ್ಲೋ ದೊಡ್ಡ ಪಟ್ಟಣದಲ್ಲೋ ಕುಳಿತು ತಾವು ಕಂಡದ್ದನ್ನು ಬರೆದರು. ಅದು ಅವರ ತಪ್ಪೇನಲ್ಲ. ಆದರೆ ನಾವು ಕಂಡದ್ದನ್ನು ಬರೆಯುವ ಕೆಲಸ ನಮ್ಮದಾಗಿತ್ತು. ಅಂದಿನಿಂದ ಶಾಲೆಯ ಹೊತ್ತು ಮುಗಿದ ಮೇಲೆ ಪತ್ರಿಕೆಗಳ ಕಥೆಗಳಿಗೆ ನಾನು ಬರೆದ ಚಿತ್ರಗಳಲ್ಲಿ ಮನೆ ಬಂದಾಗಲೆಲ್ಲ ಅದು ಮಾಳಿಗೆ ಮನೆಯೇ. ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ಮಾಳಿಗೆಯ ನಡುವೆ ಬೆಳಕಿಂಡಿ. ಬಾಗಿಲು ದಾಟಿದ ಕೂಡಲೇ ದನಗಳ ಗೋದಲಿ, ಮೆಟ್ಟಿಲೇರಿದರೆ ಪಡಸಾಲೆ. ಗೋಡೆಗೆ ಒರಗಿದ ನಿಚ್ಚಣಿಕೆ, ಮೇಲೆ ಒಣಗಲು ಹಾಕಿದ ಮೆಣಸಿನಕಾಯಿ. ಮಧ್ಯಾಹ್ನ ಬೆಳಕಿಂಡಿಯಿಂದ ಇಳಿಯುವ ಬಿಸಿಲು ಕತ್ತಲ ಪಡಸಾಲೆಯಲ್ಲಿ ಕಂಬದ ಹಾಗೆ ನಿಲ್ಲುತ್ತದೆ, ಅದರೊಳಗೆ ಒಲೆಯ ಹೊಗೆ ಏರುವುದು ಕಾಣುತ್ತದೆ. ಇಂಥ ಬೆಳಕು ಹೆಂಚಿನ ಮನೆಯ ಚಿತ್ರದಲ್ಲಿ ಎಲ್ಲಿ ಬರಬೇಕು? ಈ ಮನೆಗಳು ಈಗ ಒಂದೊಂದಾಗಿ ಬೀಳುತ್ತಿವೆ, ಅವುಗಳ ಜಾಗದಲ್ಲಿ ಆರ್‌ಸಿಸಿ ಏಳುತ್ತಿದೆ. ನಿಮ್ಮ ಮಗಳು ದೊಡ್ಡವಳಾಗುವ ಹೊತ್ತಿಗೆ ಎಷ್ಟು ಉಳಿದಿರುತ್ತವೆಯೋ!

ಹಾಗಾಗಿ ನಿಮ್ಮ ಮೊದಲ ಓದುಗಾರ್ತಿ ನಿಮ್ಮ ಮನೆಯಲ್ಲೇ ಇದ್ದಾಳೆ. ಅವಳು ಶಾಲೆಗೆ ಹೋಗುವ ದಾರಿಯಲ್ಲಿ ಕಾಣುವ ಬಳ್ಳಾರಿ ಜಾಲಿ, ತುಂಗಭದ್ರೆಯ ಎಡದಂಡೆ ಕಾಲುವೆ, ಬತ್ತದ ಲೋಡು ಹೊತ್ತ ಟ್ರ್ಯಾಕ್ಟರು ಯಾವ ಪುಸ್ತಕದಲ್ಲಿವೆ ಎಂದು ಅವಳನ್ನೇ ಕೇಳಿ.

ಇನ್ನು ಮಿಲ್ಲು. ನಿಮ್ಮ ಕಡೆ ಬತ್ತದ ಚೀಲ ಎಂದರೆ 75 ಕಿಲೋ. ಲಾರಿಯ ಮೇಲಿನಿಂದ ಅದು ಹಮಾಲರ ಬೆನ್ನಿಗೆ ಇಳಿಯುವ ಕ್ಷಣವನ್ನು ನೀವು ದಿನಾ ಕಿಟಕಿಯಿಂದ ನೋಡುತ್ತೀರಿ. ನಾಳೆ ಬರೆಯುವ ಕಣ್ಣಿನಿಂದ ನೋಡಿ. ಭಾರ ಬಿದ್ದ ಕೂಡಲೇ ಮೊದಲು ಬಾಗುವುದು ಮೊಣಕಾಲೋ ಸೊಂಟವೋ? ಕೊಕ್ಕೆ ಹಿಡಿದ ಕೈಯ ಮೊಣಕೈ ಎತ್ತ ತಿರುಗುತ್ತದೆ? ತಲೆಯ ಮೇಲಿನ ಬಟ್ಟೆಯ ಮಡಿಕೆ ಹೆಗಲ ಮೇಲೆ ಎಲ್ಲಿಯವರೆಗೆ ಇಳಿದಿದೆ? ಹಲಗೆಯ ಮೇಲೆ ನಡೆಯುವಾಗ ಹಿಮ್ಮಡಿ ಮೊದಲು ಊರುತ್ತದೋ ಬೆರಳೋ? ತೌಡಿನ ಧೂಳು ಹುಬ್ಬಿನ ಮೇಲೆ ಕುಳಿತಾಗ ಮುಖದ ಬಣ್ಣ ಹೇಗೆ ಬದಲಾಗುತ್ತದೆ? ಇವುಗಳಲ್ಲಿ ಒಂದೊಂದೂ ಒಂದೊಂದು ಚಿತ್ರ. ಶರ್ಟಿನ ಜೇಬಿಗೆ ಹಿಡಿಯುವ ಪುಸ್ತಕ, ಒಂದು ಬಾಲ್ ಪೆನ್ ಇಟ್ಟುಕೊಳ್ಳಿ. ಪೆನ್ಸಿಲ್ ಬೇಡ, ಅಳಿಸುವ ಆಸೆ ಹುಟ್ಟುತ್ತದೆ. ತೂಕದ ಚೀಟಿ ಬರೆಯುವ ನಡುವೆ ಸಿಗುವ ಅರ್ಧ ನಿಮಿಷದಲ್ಲಿ ಬೆನ್ನಿನ ಒಂದೇ ಗೆರೆ ಬಂದರೂ ಆ ದಿನಕ್ಕೆ ಸಾಕು. ರಾತ್ರಿ ಹಾಳೆ ಮುಂದೆ ಕುಳಿತಾಗ ಆ ಗೆರೆಯೇ ಕೆಲಸ ಕೊಡುತ್ತದೆ. ನೀವು ಸ್ಫೂರ್ತಿ ಎಂದು ಕರೆಯುತ್ತಿರುವುದು ಹಗಲು ನೋಡಿಟ್ಟುಕೊಂಡವರಿಗೆ ರಾತ್ರಿ ಸಿಗುತ್ತದೆ. ಹಗಲೆಲ್ಲ ಲೆಡ್ಜರಿನಲ್ಲೇ ಕಣ್ಣು ಹೂತು, ರಾತ್ರಿ ಖಾಲಿ ಕೈಯಲ್ಲಿ ಕುಳಿತರೆ ಯಾರಿಗೂ ಏನೂ ತೋಚುವುದಿಲ್ಲ.

ಹೊರೆ ಹೊರುವವರನ್ನು ಬರೆದರೆ ಯಾರು ನೋಡುತ್ತಾರೆ ಎಂದು ನಿಮಗೆ ಅನ್ನಿಸಬಹುದು. ರಾಯಚೂರಿಗೆ ಹೋದಾಗ ಬಸ್ ನಿಲ್ದಾಣದಿಂದ ಹಾಗೇ ಕೋಟೆಗೆ ನಡೆದುಹೋಗಿ. ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿ 41 ಅಡಿಗೂ ಮೀರಿದ ಒಂದೇ ಕಲ್ಲಿನ ಮೇಲೆ ಶಾಸನವಿದೆ. 1294ರಲ್ಲಿ ಕೋಟೆ ಕಟ್ಟಿಸಿದ ಸಂಗತಿ ಅದರಲ್ಲಿದೆ. ಎಲ್ಲರೂ ಕಲ್ಲಿನ ಉದ್ದಕ್ಕೆ ಬೆರಗಾಗಿ ಫೋಟೊ ತೆಗೆದುಕೊಂಡು ಹೊರಡುತ್ತಾರೆ. ನೀವು ಅಲ್ಲೇ ನಿಂತು ಶಾಸನದ ಬಲಕ್ಕೆ ನೋಡಿ. ಆ ದೊಡ್ಡ ಕಲ್ಲನ್ನು ಅಲ್ಲಿಗೆ ತಂದದ್ದು ಹೇಗೆ ಎಂಬುದನ್ನು ಯಾರೋ ಗೆರೆಗಳಲ್ಲಿ ಕೊರೆದಿದ್ದಾರೆ. ತುಂಬುಗಾಲಿಗಳ ಬಂಡಿ, ಅದರ ಮೇಲೆ ಕಲ್ಲು, ಮುಂದೆ ಸಾಲುಗಟ್ಟಿದ ಕೋಣಗಳು, ಅವನ್ನು ಹುರಿದುಂಬಿಸುತ್ತಾ ಅಲ್ಲಲ್ಲಿ ನಿಂತ ಆಳುಗಳು, ಹಿಂದಿನಿಂದ ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವವರು. ಕಟ್ಟಿಸಿದವರ ಹೆಸರು ಅಕ್ಷರದಲ್ಲಿದೆ, ಎಳೆದವರು ಚಿತ್ರದಲ್ಲಿದ್ದಾರೆ. ಏಳು ನೂರು ವರ್ಷದ ಹಿಂದೆ ಇದೇ ಸೀಮೆಯ ಒಬ್ಬ ಕಲಾವಿದನಿಗೆ ಕೋಣ ಹೊಡೆಯುವವನೂ ಗೋಡೆಯ ಮೇಲೆ ಇರಬೇಕು ಎಂದು ಅನ್ನಿಸಿತಲ್ಲ! ನಾನು ಅದರ ಮುಂದೆ ನಿಂತಾಗಲೆಲ್ಲ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಹಂಪಿಯ ವಿರೂಪಾಕ್ಷ ದೇವಸ್ಥಾನದ ರಂಗಮಂಟಪದ ಚಾವಣಿಯಲ್ಲಿ ವಿದ್ಯಾರಣ್ಯರ ಮೆರವಣಿಗೆ ಇದೆ. ಅಲ್ಲಿಯೂ ಪಲ್ಲಕ್ಕಿ ಹೊತ್ತವರನ್ನು ಚಿತ್ರಕಾರ ಬಿಟ್ಟಿಲ್ಲ. ನಿಮ್ಮ ಹಮಾಲರು ಆ ಸಾಲಿಗೆ ಸೇರಿದವರು.

ಬಿಡುವಿನಲ್ಲಿ ಬರೆಯುವವನು ಅರ್ಧ ಕಲಾವಿದ ಎಂಬ ಕೊರಗು ನಿಮ್ಮ ಪತ್ರದಲ್ಲಿ ಒಳಗೊಳಗೇ ಇದೆ. ಅದನ್ನು ಬಿಡಿ. ಕೈ ಓಡುವುದಕ್ಕೆ ಬಿಡುವಿಗಿಂತ ಗೊತ್ತಾದ ದಿನ ಮುಖ್ಯ. ಅದನ್ನು ನೋಡಲು ಇಲ್ಲೇ ಕೊಪ್ಪಳದ ಪಕ್ಕದ, ಮರದ ಗೊಂಬೆಗಳ ಊರಾದ ಕಿನ್ನಾಳಕ್ಕೆ ಒಮ್ಮೆ ಬನ್ನಿ. ಚಿತ್ರಗಾರರ ಮನೆಗಳಲ್ಲಿ ಗೋಣಿನಾರಿನ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿ ಕಿಟ್ಟ ಮಾಡುತ್ತಾರೆ. ಹಗುರ ಮರದಲ್ಲಿ ಕೆತ್ತಿದ ಗೊಂಬೆಯ ಬಿಡಿ ಭಾಗಗಳು ಕಿಟ್ಟದಿಂದಲೇ ಕೂಡಿಕೊಳ್ಳುತ್ತವೆ. ಅದರ ಮೇಲೆ ಹತ್ತಿ, ಹತ್ತಿಯ ಮೇಲೆ ಕಲ್ಲಿನ ಪುಡಿಯ ಲೇಪ, ಆಮೇಲೆಯೇ ಬಣ್ಣ. ಈ ಕೆಲಸದಲ್ಲಿ ಸ್ಫೂರ್ತಿಗಾಗಿ ಕಾಯುವ ಪ್ರಶ್ನೆ ಬರುವುದಿಲ್ಲ. ಹಬ್ಬದ ಹೊತ್ತಿಗೆ ಗೌರಿಯನ್ನು ಕೊಡಬೇಕು, ಜಾತ್ರೆಯ ಹೊತ್ತಿಗೆ ಗರುಡ ಸಿದ್ಧವಾಗಬೇಕು. ಬೇಡುವವರು ಎದುರಿಗೆ ಇದ್ದಾರೆ, ದಿನ ಗೊತ್ತಾಗಿದೆ, ಕೈ ತಾನಾಗಿ ಓಡುತ್ತದೆ. ನಿಮಗೂ ಇಂಥದೊಂದು ದಿನ ಬೇಕು. ಮಗಳ ಹುಟ್ಟುಹಬ್ಬಕ್ಕೆ ಮಿಲ್ಲಿನ ಕಥೆಯ ಒಂದು ಚಿಕ್ಕ ಪುಸ್ತಕ ಕೈಯಿಂದಲೇ ಮಾಡಿಕೊಡುತ್ತೇನೆ ಎಂದು ಅವಳ ಎದುರಿಗೇ ಹೇಳಿಬಿಡಿ. ಮಕ್ಕಳು ಮಾತು ಮರೆಯುವುದಿಲ್ಲ, ದಿನಾ ಕೇಳುತ್ತಾರೆ.

ಸುಗ್ಗಿಯಲ್ಲಿ ಮಿಲ್ಲಿನವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ ಎಂಬುದು ಗೊತ್ತು. ಆ ತಿಂಗಳುಗಳಲ್ಲಿ ಜೇಬಿನ ಪುಸ್ತಕ ಮಾತ್ರ ಸಾಕು. ಕಾಲುವೆಯ ನೀರು ನಿಂತು ಗದ್ದೆ ಖಾಲಿ ಬಿದ್ದಾಗ ಆ ಗೆರೆಗಳನ್ನು ತೆಗೆದು ದೊಡ್ಡ ಹಾಳೆಗೆ, ಬಣ್ಣಕ್ಕೆ ತನ್ನಿ.

ಯಂತ್ರದ ಮಾತಿಗೆ ಬರುತ್ತೇನೆ. ಅದು ಒಂದಿಷ್ಟು ಕೆಲಸವನ್ನು ನಮ್ಮ ಕೈಯಿಂದ ಕಿತ್ತುಕೊಳ್ಳುತ್ತದೆ, ಸುಳ್ಳು ಸಮಾಧಾನ ಹೇಳಲಾರೆ. ಸೂರ್ಯೋದಯ, ನಗುವ ರೈತ, ಹಸಿರು ಹೊಲ ಇಂಥವನ್ನು ಕೇಳುತ್ತಿದ್ದವರು ಇನ್ನು ನಮ್ಮ ಬಳಿ ಬರುವುದು ಕಡಿಮೆಯಾಗಬಹುದು. ಆದರೆ ಒಮ್ಮೆ ಪರೀಕ್ಷೆ ಮಾಡಿ ನೋಡಿ, ಕೂರಿಗೆ ಹಿಡಿದು ಬಿತ್ತುವವರ ಚಿತ್ರ ಕೇಳಿ. ಬಟ್ಟಲು, ಬಿದಿರಿನ ಕೊಳವೆ, ತಾಳು ಸರಿಯಾಗಿ ಕೂಡಿಕೊಂಡಿವೆಯೇ, ಕಾಳು ಬಿಡುವ ಹೆಂಗಸಿನ ಕೈ ಇರಬೇಕಾದ ಕಡೆಯೇ ಇದೆಯೇ ಎಂದು ನಿಮ್ಮ ತಂದೆಗೋ ಮಾವನಿಗೋ ತೋರಿಸಿ ಕೇಳಿ. ಈಗಾಗಲೇ ಬಂದಿರುವ ಚಿತ್ರಗಳನ್ನು ಅರೆದೇ ಅದು ಕಲಿಯುತ್ತದೆ. ನಮ್ಮ ಸೀಮೆಯನ್ನು ಬರೆದವರು ಕಡಿಮೆ ಇರುವುದರಿಂದ ಅದಕ್ಕೂ ನಮ್ಮ ಸೀಮೆ ಗೊತ್ತಿಲ್ಲ. ನಿಮ್ಮ ಕೆಲಸ ಇನ್ನಷ್ಟು ಅವಶ್ಯವಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ, ತಮ್ಮಾ.

ಬರೆದದ್ದನ್ನು ಮೊಬೈಲಿಗೆ ಹಾಕುವ ಮೊದಲು ಹಮಾಲರಿಗೇ ತೋರಿಸಿ. ಕೊಕ್ಕೆ ಹಿಡಿದ ಕೈ ಸರಿಯಿಲ್ಲದಿದ್ದರೆ ಅವರೇ ಚಿತ್ರದ ಮೇಲೆ ಬೆರಳಿಟ್ಟು ಹೇಳುತ್ತಾರೆ. ಆಮೇಲೆ ನನಗೂ ಒಂದು ಪ್ರತಿ ಕಳಿಸಿ.

ಪ್ರಶ್ನೆ: ನಾನು ಬಳ್ಳಾರಿಯವಳು, ಮಕ್ಕಳು ಶಾಲೆಗೆ ಹೋದ ಮೇಲೆ ಜಲವರ್ಣ ಮಾಡುತ್ತೇನೆ. ಬೇಸಿಗೆ ಬಂತೆಂದರೆ ಬಣ್ಣ ಹಾಳೆಗೆ ತಾಕುವ ಮೊದಲೇ ಒಣಗುತ್ತದೆ, ಆಕಾಶದಲ್ಲಿ ಪಟ್ಟೆ ಪಟ್ಟೆಯಾಗುತ್ತದೆ. ಬೇಸರವಾಗಿ ಮೂರು ತಿಂಗಳು ಕುಂಚ ಮುಟ್ಟುವುದೇ ಇಲ್ಲ.

ಉತ್ತರ: ಮೂರು ತಿಂಗಳು ಬಿಡಬೇಡಿ, ಕೈ ಮರೆಯುತ್ತದೆ. 300 ಜಿಎಸ್‌ಎಂನ ದಪ್ಪ ಹಾಳೆಯನ್ನು ಎರಡೂ ಬದಿ ನೆನೆಸಿ ಹಲಗೆಗೆ ಅಂಟಿಸಿ, ಹೆಚ್ಚು ಹೊತ್ತು ಹಸಿಯಾಗಿರುತ್ತದೆ. ಬಣ್ಣ ಕಲಸುವ ನೀರಿಗೆ ಗ್ಲಿಸರಿನ್ ಒಂದೆರಡು ಹನಿ ಸಾಕು, ಹೆಚ್ಚಾದರೆ ಚಿತ್ರ ಒಣಗದೆ ಅಂಟಂಟಾಗುತ್ತದೆ. ಫ್ಯಾನ್ ಆರಿಸಿ. ಇಷ್ಟಾದರೂ ಆಗದಿದ್ದರೆ ಬಳ್ಳಾರಿಯ ಬೇಸಿಗೆ ಜಲವರ್ಣದ ಕಾಲವಲ್ಲ ಎಂದು ಒಪ್ಪಿಕೊಂಡು ಇಂಡಿಯನ್ ಇಂಕ್ ಹಿಡಿಯಿರಿ. ನಮ್ಮ ಗುಂಡುಗಲ್ಲಿನ ಗುಡ್ಡಗಳ ಮೇಲಿನ ಬೆಳಿಗ್ಗೆಯ ನೆರಳು ಕಪ್ಪು ಬಿಳುಪಿಗೇ ಹೇಳಿಮಾಡಿಸಿದಂತಿದೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ನಿಮ್ಮ ಊರಿನಲ್ಲೇ ಇರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯ ನೋಡಿ ಬನ್ನಿ. ಸಂಗನಕಲ್ಲು, ಕುಪ್ಪಗಲ್ಲು ಸುತ್ತಿನ ಬಂಡೆಗಳ ಮೇಲೆ ಹೊಸ ಶಿಲಾಯುಗದ ಜನ ಕುಟ್ಟಿ ಮೂಡಿಸಿದ ಉದ್ದ ಕೊಂಬಿನ, ಡುಬ್ಬದ ಎತ್ತುಗಳಿವೆ. ಅವುಗಳಲ್ಲಿ ಬಣ್ಣವೂ ಇಲ್ಲ, ಕುಂಚದ ಕೆಲಸವೂ ಇಲ್ಲ, ಎತ್ತಿನ ಗತ್ತು ಮಾತ್ರ ಪೂರ್ತಿ ಬಂದಿದೆ.

ಪ್ರಶ್ನೆ: ಗಂಗಾವತಿಯ ಪದವಿ ವಿದ್ಯಾರ್ಥಿ ನಾನು. ಪರಿಚಯದ ಲೇಖಕರೊಬ್ಬರು ಕವನ ಸಂಕಲನಕ್ಕೆ ಮುಖಪುಟ ಕೇಳಿದ್ದಾರೆ. ಹಣವಿಲ್ಲ, ಹೆಸರು ಬರುತ್ತದೆ ಎನ್ನುತ್ತಾರೆ. ಒಪ್ಪಲೇ?

ಉತ್ತರ: ಕವಿತೆಗಳನ್ನು ಓದಿ. ಮನಸ್ಸಿಗೆ ಹಿಡಿಸಿದರೆ ಪ್ರೀತಿಯಿಂದ ಬರೆದುಕೊಡಿ, ಹಿಡಿಸದಿದ್ದರೆ ವಿನಯದಿಂದ ಬೇಡವೆನ್ನಿ. ಹೆಸರಿನ ಆಸೆಗೆ ಮಾತ್ರ ಬೇಡ. ಮುದ್ರಣಕ್ಕೆ, ಕಾಗದಕ್ಕೆ, ಬಿಡುಗಡೆಯ ದಿನದ ಹಾರ ತುರಾಯಿಗೆ ಹಣ ಇರುವಾಗ ಚಿತ್ರಕ್ಕೊಂದೇ ಇಲ್ಲ ಎಂಬುದು ನ್ಯಾಯವಲ್ಲ. ಮುಂದೆ ಹಣ ಪಡೆದು ಬರೆಯುವಾಗ ಇನ್ನೊಂದು ವಿಷಯ ನೆನಪಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಒಬ್ಬರು ಹಣ ಕೊಟ್ಟು ಹೇಳಿ ಬರೆಸಿಕೊಂಡ ವರ್ಣಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿಕೊಂಡವರಿಗೇ ಹೋಗುತ್ತದೆ. ಆದ್ದರಿಂದ ಕುಂಚ ಹಿಡಿಯುವ ಮೊದಲೇ ನಾಲ್ಕು ಸಾಲಿನ ಒಂದು ಪತ್ರ ಮಾಡಿಕೊಳ್ಳಿ: ಈ ಪುಸ್ತಕದ ಮುಖಪುಟಕ್ಕೆ ಮಾತ್ರ ಬಳಕೆ, ಹಕ್ಕು ಮತ್ತು ಮೂಲ ಚಿತ್ರ ನನ್ನವು, ಸಂಭಾವನೆ ಇಷ್ಟು, ಅರ್ಧ ಮುಂಗಡ. ಇಬ್ಬರ ಸಹಿ ಇರಲಿ, ಒಂದು ಪ್ರತಿ ನಿಮ್ಮ ಬಳಿಯೂ ಇರಲಿ.