ಸೋಲಾರ್ ಆಮೇಲೆ, ಮೊದಲು ಕಂಪ್ರೆಸರ್ ನೋಡಿ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ಶೆಡ್ ಇದೆ. ಮಂಜೂರಾದ ಲೋಡ್ 90 ಕಿಲೋವ್ಯಾಟ್. ನಮ್ಮಿಂದ ಬಿಡಿಭಾಗ ತಗೊಳ್ಳುವ ಕಂಪನಿಯವರು ಈಗ ಕಾರ್ಬನ್ ಲೆಕ್ಕ ಕೇಳುತ್ತಿದ್ದಾರೆ, ಕಡಿಮೆ ಮಾಡಿ ಅಂತಲೂ ಹೇಳಿದ್ದಾರೆ. ಚಾವಣಿಗೆ ಸೋಲಾರ್ ಹಾಕಿಸಿದರೆ ಸಾಕಾ?

ಉತ್ತರ: ಸೋಲಾರ್ ಹಾಕಿಸಿ, ಒಳ್ಳೆಯದೇ. ಆದರೆ ಸೋರಿಹೋಗುವ ಕರೆಂಟಿಗೂ ಸೇರಿಸಿ ಪ್ಯಾನೆಲ್ ಕೊಳ್ಳಬೇಡಿ.

ಲೆಕ್ಕ ಕಷ್ಟವೇನಿಲ್ಲ. ನಮ್ಮ ಗ್ರಿಡ್‌ನಿಂದ ಬರುವ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ಜನರೇಟರ್‌ಗೆ ಸುರಿಯುವ ಒಂದು ಲೀಟರ್ ಡೀಸೆಲ್‌ಗೆ ಸುಮಾರು 2.7 ಕೆಜಿ. ಹನ್ನೆರಡು ತಿಂಗಳ ಬಿಲ್ ಮತ್ತು ಡೀಸೆಲ್ ರಸೀದಿ ಮುಂದಿಟ್ಟುಕೊಂಡರೆ ಅರ್ಧ ದಿನದ ಕೆಲಸ.

ಈಗ ಕಂಪ್ರೆಸರ್, ಅಂದರೆ ಮಷೀನ್‌ಗಳಿಗೆ ಒತ್ತಡದ ಗಾಳಿ ಕೊಡುವ ಯಂತ್ರ. ಅದು ತಿನ್ನುವ ಕರೆಂಟಿನಲ್ಲಿ ಹೆಚ್ಚಿನ ಪಾಲು ಬಿಸಿಯಾಗಿ ಹೋಗುತ್ತದೆ, ಗಾಳಿಯ ರೂಪದಲ್ಲಿ ಕೆಲಸಕ್ಕೆ ಬರುವುದು ಸ್ವಲ್ಪವೇ, ಆ ಸ್ವಲ್ಪವೂ ಸವೆದ ಹೋಸ್, ಸಡಿಲ ಕಪ್ಲಿಂಗ್‌ಗಳಲ್ಲಿ ಸೋರಿಹೋದರೆ ಹೇಗೆ? ಭಾನುವಾರ ಮಷೀನ್ ಎಲ್ಲಾ ನಿಲ್ಲಿಸಿ, ಕಂಪ್ರೆಸರ್ ಮಾತ್ರ ಓಡಿಸಿ. ಲೋಡ್ (ಗಾಳಿ ತುಂಬುವುದು) ಎಷ್ಟು ಹೊತ್ತು, ಅನ್‌ಲೋಡ್ (ತುಂಬದೆ ಸುಮ್ಮನೆ ಓಡುವುದು) ಎಷ್ಟು ಹೊತ್ತು ಅಂತ ಗಡಿಯಾರ ನೋಡಿ ಬರೆದುಕೊಳ್ಳಿ. ಯಾರೂ ಗಾಳಿ ಬಳಸದೆ ಹತ್ತು ನಿಮಿಷದಲ್ಲಿ ಮೂರು ನಿಮಿಷ ಲೋಡ್ ತಗೊಂಡರೆ, ಕಂಪ್ರೆಸರ್ ಸಾಮರ್ಥ್ಯದ 30% ಸೋರಿಕೆಗೇ ಹೋಗುತ್ತಿದೆ ಅಂತ ಅರ್ಥ. ಮೆಷಿನ್ ಸದ್ದಿಲ್ಲದಾಗ ಸುಯ್ ಅನ್ನೋದು ಕಿವಿಗೇ ಕೇಳಿಸುತ್ತದೆ, ಅನುಮಾನ ಬಂದ ಕಡೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕಿ. ರಿಪೇರಿಗೆ ಬೇಕಾಗೋದು ಹೆಚ್ಚಾಗಿ ಕ್ಲಾಂಪ್, ವಾಷರ್, ಟೆಫ್ಲಾನ್ ಟೇಪ್, ಅಷ್ಟೇ. ಆಮೇಲೆ ಒತ್ತಡ ಇಳಿಸಿ ನೋಡಿ. ಮಷೀನ್‌ಗೆ 6 ಬಾರ್ ಸಾಕಿದ್ದರೂ ಸುಮ್ನೆ 8ರಲ್ಲಿ ಇಟ್ಟಿರುತ್ತಾರೆ. ಒಂದು ಬಾರ್ ಇಳಿದರೆ ಕಂಪ್ರೆಸರ್ ಕರೆಂಟು ಸುಮಾರು 6-7% ಉಳಿಯುತ್ತದೆ.

ಮೋಟಾರ್ ಸುಟ್ಟರೆ ಮತ್ತೆ ಮತ್ತೆ ರಿವೈಂಡಿಂಗ್ ಮಾಡಿಸಬೇಡಿ, ಕಡಿಮೆ ಕರೆಂಟಿನಲ್ಲಿ ಓಡುವ ಐಇ3 ದರ್ಜೆಯದನ್ನು ತನ್ನಿ.

ಇಷ್ಟಾದ ಮೇಲೆ ಸೋಲಾರ್. ಬೆಂಗಳೂರಿನಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ, ಅದಕ್ಕೆ ನೂರು ಚದರ ಅಡಿ ಜಾಗ ಬೇಕು. ಹಳೇ ಶೀಟಿನ ಶೆಡ್ ಆದರೆ ಭಾರ ತಡೆಯುತ್ತಾ ಅಂತ ಮೊದಲೇ ಎಂಜಿನಿಯರ್‌ಗೆ ತೋರಿಸಿ. ರಾತ್ರಿ ಪಾಳಿಯೇ ಜಾಸ್ತಿ ಇದ್ದರೆ ಆ ಹೊತ್ತಿನ ಕರೆಂಟು ಗ್ರಿಡ್‌ನಿಂದಲೇ ಬರಬೇಕಲ್ವಾ? ಆಗ ಹೊರಗಿನಿಂದ ಹಸಿರು ವಿದ್ಯುತ್ ಕೊಳ್ಳುವ ದಾರಿ ಇದೆ. ಕೇಂದ್ರದ 2022ರ ಓಪನ್ ಆಕ್ಸೆಸ್ ನಿಯಮ ಇದಕ್ಕೆ ಇರಬೇಕಾದ ಕನಿಷ್ಠ ಲೋಡನ್ನು 1 ಮೆಗಾವ್ಯಾಟ್‌ನಿಂದ 100 ಕಿಲೋವ್ಯಾಟ್‌ಗೆ ಇಳಿಸಿತು. ನಿಮ್ಮದು 90. ಆದರೆ ಅದೇ ವಿದ್ಯುತ್ ವಿಭಾಗದಲ್ಲಿ ನಿಮ್ಮದೇ ಇನ್ನೊಂದು ಮೀಟರ್ ಇದ್ದರೆ ಎರಡನ್ನೂ ಸೇರಿಸಿ ಲೆಕ್ಕ ಹಾಕಲು ಅವಕಾಶವಿದೆ, ಬೆಸ್ಕಾಂ ಕಚೇರಿಯಲ್ಲಿ ಕೇಳಿ. ಶುಲ್ಕಗಳೆಲ್ಲ ಸೇರಿ ಯೂನಿಟ್‌ಗೆ ಎಷ್ಟು ಬೀಳುತ್ತದೆ ಅಂತ ನೋಡದೆ ಮಾತ್ರ ಸಹಿ ಹಾಕಬೇಡಿ.