ಸೆಟಿರಿಜಿನ್‌ಗೆ ಬಗ್ಗದ ತುರಿಕೆ

ಪ್ರಶ್ನೆ: ನನಗೆ 52 ವರ್ಷ. ಎಡಗಾಲಿನ ಹರಡಿನ ಹೊರಬದಿಯಲ್ಲಿ ಎರಡು ವರ್ಷದಿಂದ ತುರಿಕೆ. ಕೆರೆದು ಕೆರೆದು ಅಂಗೈಯಗಲದ ಚರ್ಮ ಕಪ್ಪಾಗಿ, ಎಮ್ಮೆಯ ತೊಗಲಿನಂತೆ ದಪ್ಪಗಾಗಿದೆ. ಹಗಲು ತೋಟದ ಕೆಲಸದಲ್ಲಿ ಮರೆತಿರುತ್ತೇನೆ, ರಾತ್ರಿ ಮಲಗಿದೊಡನೆ ಶುರು. ಸೆಟಿರಿಜಿನ್ ನುಂಗಿದರೆ ನಿದ್ದೆ ಬರುತ್ತದೆಯೇ ಹೊರತು ತುರಿಕೆ ಹೋಗುವುದಿಲ್ಲ. ಹಂಡೆಯ ಬಿಸಿನೀರು ಹೊಯ್ದುಕೊಂಡರೆ ಹಾಯೆನಿಸುತ್ತದೆ. ರಕ್ತದಲ್ಲಿ ನಂಜಿರಬಹುದೇ?
– ಓದುಗರು, ಮೂಡಿಗೆರೆ

ಉತ್ತರ (ಚರ್ಮರೋಗ ತಜ್ಞರು, ಹಾಸನ): ನಂಜಿನ ಮಾತು ಬಿಡಿ. ಮೈಯೆಲ್ಲ ತುರಿಸಿ, ಚರ್ಮದ ಮೇಲೆ ಏನೂ ಕಾಣದಿದ್ದರೆ ಸಕ್ಕರೆ, ಥೈರಾಯ್ಡ್, ಯಕೃತ್ತು, ಮೂತ್ರಪಿಂಡ ಎಂದು ರಕ್ತ ಪರೀಕ್ಷೆ ಮಾಡಿಸುತ್ತೇವೆ. ನಿಮ್ಮದು ಒಂದೇ ಜಾಗದ್ದು.

ಸೆಟಿರಿಜಿನ್ ತಡೆಯುವುದು ಹಿಸ್ಟಮಿನ್ ಎಂಬ ರಾಸಾಯನಿಕದ ಕೆಲಸವನ್ನು. ಪಿತ್ತದ ಗಂಧೆ ಎದ್ದಾಗ ಅದು ಸರಿಯಾದ ಮದ್ದು. ಆದರೆ ಎಲ್ಲ ತುರಿಕೆಯೂ ಹಿಸ್ಟಮಿನ್‌ನದಲ್ಲ. ಇದಕ್ಕೆ ಸಾಕ್ಷಿ ನಿಮ್ಮ ತೋಟದ ಬೇಲಿಯಲ್ಲೇ ಇರಬಹುದು: ನಸುಗುನ್ನಿ. ಕಾಯಿಯ ಮೇಲಿನ ಕಂದು ರೋಮ ಕುತ್ತಿಗೆಗೆ ಬಿದ್ದವರ ಕುಣಿತ ನೋಡಿದ್ದೀರಲ್ಲ! 1955ರಲ್ಲಿ ಅಮೆರಿಕದ ಸಂಶೋಧಕರಾದ ಶೆಲ್ಲಿ ಮತ್ತು ಆರ್ಥರ್ ಈ ರೋಮವನ್ನೇ ಹಿಡಿದು ಕುಳಿತರು. ತುರಿಕೆಗೆ ಕಾರಣ ರೋಮ ಚುಚ್ಚುವುದಲ್ಲ, ಅದರೊಳಗಿನ ಪ್ರೋಟೀನು ಸೀಳುವ ಕಿಣ್ವ ಎಂದು ಕಂಡುಕೊಂಡು ಅದಕ್ಕೆ ಮ್ಯುಕ್ಯುನೇನ್ ಎಂದು ಹೆಸರಿಟ್ಟರು. ಚೆನ್ನಾಗಿ ಕಾಯಿಸಿದರೆ ಅದೇ ರೋಮ ತುರಿಸುವುದಿಲ್ಲ. ಈ ಕಿಣ್ವ ಎಬ್ಬಿಸುವ ತುರಿಕೆ ಬೇರೆ ನರಗಳ ದಾರಿ ಹಿಡಿಯುತ್ತದೆ. ಹಿಸ್ಟಮಿನ್ ತಡೆಯುವ ಮಾತ್ರೆಗೆ ಜಗ್ಗುವುದಿಲ್ಲ. ನಮ್ಮ ಚರ್ಮದಲ್ಲೂ ಇಂಥ ಕಿಣ್ವಗಳಿವೆ. ದೀರ್ಘಕಾಲದ ತುರಿಕೆ ಹೆಚ್ಚಾಗಿ ಈ ಎರಡನೆಯ ಜಾತಿಯದು.

ನೀವು ಬರೆದದ್ದನ್ನು ನೋಡಿದರೆ ಇದು ಕೆರೆತದಿಂದಲೇ ಬೆಳೆದ ಗಟ್ಟಿ ಚರ್ಮ. ಕೆರೆದಷ್ಟೂ ಚರ್ಮ ದಪ್ಪವಾಗುತ್ತದೆ, ದಪ್ಪವಾದಷ್ಟೂ ತುರಿಸುತ್ತದೆ. 2025ರಲ್ಲಿ ಪ್ರಕಟವಾದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ, ಕೆರೆದುಕೊಳ್ಳಲಾಗದಂತೆ ಕೊರಳಪಟ್ಟಿ ತೊಡಿಸಿದ ಇಲಿಗಳ ಚರ್ಮ ಅಷ್ಟಾಗಿ ಊದಿಕೊಳ್ಳಲಿಲ್ಲ. ಕೆರೆತವೇ ನರದ ತುದಿಯನ್ನು ಕೆಣಕಿ ಉರಿಯೂತವನ್ನು ಹೆಚ್ಚಿಸುತ್ತದೆ.

ನಿಮ್ಮ ಕೊರಳಿಗೆ ಪಟ್ಟಿ ಕಟ್ಟುವುದಿಲ್ಲ, ಕಾಲಿಗೆ ಕಟ್ಟೋಣ. ಕೆಲವು ವಾರ ಪ್ರಬಲ ಸ್ಟೆರಾಯ್ಡ್ ಮುಲಾಮು, ರಾತ್ರಿ ಅದರ ಮೇಲೆ ಬ್ಯಾಂಡೇಜು. ಉಗುರು ಕತ್ತರಿಸಿ. ಹಂಡೆ ನೀರಿನ ಸುಖ ಗಳಿಗೆಯದು, ಆಮೇಲೆ ಚರ್ಮ ಒಣಗಿ ತುರಿಕೆ ಇಮ್ಮಡಿಯಾಗುತ್ತದೆ; ಬದಲಿಗೆ ತಣ್ಣೀರಿನ ಬಟ್ಟೆ ಒತ್ತಿ, ವ್ಯಾಸಲೀನ್ ಹಚ್ಚಿ.

ಮುಲಾಮನ್ನು ಮಾತ್ರ ಅಂಗಡಿಯಲ್ಲಿ ಕೇಳಿ ತರಬೇಡಿ. ನಿಮ್ಮ ಕಾಲಿನದು ಗಜಕರ್ಣವಾಗಿದ್ದರೆ ಸ್ಟೆರಾಯ್ಡ್ ಬಿದ್ದ ಕೂಡಲೇ ತಣಿದಂತೆ ನಟಿಸಿ, ತೊಡೆಯವರೆಗೂ ಹಬ್ಬುತ್ತದೆ. ಇಂಥವರನ್ನು ನಾನು ವಾರವಾರವೂ ನೋಡುತ್ತೇನೆ, ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ. ಚರ್ಮದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಮಾನ್ಯವಾಗಿ ಅಲ್ಲೇ ತಿಳಿಯುತ್ತದೆ. ಹತ್ತಿರದ ಚರ್ಮವೈದ್ಯರಲ್ಲಿಗೆ ಹೋಗುವ ಮುಂಚೆ ಕೆಲವು ದಿನ ಏನನ್ನೂ ಹಚ್ಚಬೇಡಿ, ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಜೊತೆಗೆ ಒಯ್ಯಿರಿ.