ಜನವರಿ ಟ್ರಾನ್ಸ್‌ಫರ್ ವಿಂಡೋ (ಕ್ಲಬ್ಬುಗಳು ಆಟಗಾರರನ್ನ ಕೊಳ್ಳೋ, ಮಾರೋ ಅವಧಿ) ಮುಚ್ಚಿದಾಗ ಫುಟ್‌ಬಾಲ್ ಫ್ಯಾನ್ಸ್ ಯಾಕೆ ಅಷ್ಟು ಉರ್ಕೊಳ್ತಾರೆ?

ಯಾಕಂದ್ರೆ ಅವತ್ತು ಬಾಗಿಲು ಹಾಕಿದ್ಮೇಲೆ ಸೀಸನ್ ಮುಗಿಯೋವರೆಗೂ ಇರೋ ಆಟಗಾರರಲ್ಲೇ ಕಾಲ ತಳ್ಳಬೇಕು, ಯಾವ ಕ್ಲಬ್ಬಲ್ಲೂ ಇಲ್ದೆ ಖಾಲಿ ಕೂತಿರೋರನ್ನ ಬಿಟ್ರೆ ಹೊಸಬರನ್ನ ತರೋ ಹಾಗಿಲ್ಲ.

ಸರಿ, ಮತ್ತೆ ಕ್ಲಬ್ಬುಗಳು ಬಾಗಿಲು ಹಾಕೋಕೆ ಮೊದಲೇ ಯಾಕೆ ತಗೊಳಲ್ಲ? ಜನವರಿ ಅಂದ್ರೆ ಸೀಸನ್ ನಡುಮಧ್ಯೆ, ಒಳ್ಳೆ ಸ್ಟ್ರೈಕರ್ (ಗೋಲು ಹೊಡೆಯೋ ಆಟಗಾರ) ಇರೋ ಕ್ಲಬ್ ಅವನನ್ನ ಮಾರಿದ್ರೆ ಅವರಿಗೂ ಅಷ್ಟೇ ಬೇಗ ಇನ್ನೊಬ್ಬ ಸಿಗಬೇಕಲ್ಲ, ಸಿಗಲ್ಲ, ಅದಕ್ಕೆ ಒಂದೋ ಕೊಡಲ್ಲ ಅಂತಾರೆ ಇಲ್ಲಾ ಬಾಯಿಗೆ ಬಂದ ರೇಟ್ ಹೇಳ್ತಾರೆ. 2011ರ ಜನವರಿ 31ಕ್ಕೆ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ ತನ್ನ ಸ್ಟ್ರೈಕರ್ ಟೊರೆಸ್‌ನ 5 ಕೋಟಿ ಪೌಂಡ್‌ಗೆ ಚೆಲ್ಸಿಗೆ ಮಾರಿ, ಅವತ್ತೇ ಆ್ಯಂಡಿ ಕ್ಯಾರಲ್‌ಗೆ 3.5 ಕೋಟಿ ಸುರೀತು. ಪುಣ್ಯಾತ್ಮ ಅಲ್ಲಿ ಲೀಗ್‌ನಲ್ಲಿ ಹೊಡೆದಿದ್ದು ಒಟ್ಟು 6 ಗೋಲು!

ತಗೊಳ್ದೇ ಇದ್ರೂ ಬೈಗುಳ ತಪ್ಪಲ್ಲ. 2022ರಲ್ಲಿ ಆರ್ಸೆನಲ್ ತನ್ನ ಸ್ಟ್ರೈಕರ್ ಔಬಮೆಯಾಂಗ್‌ನ ಬಾರ್ಸಿಲೋನಾಗೆ ಬಿಟ್ಟುಕೊಟ್ಟು ಅವನ ಜಾಗಕ್ಕೆ ಯಾರನ್ನೂ ತರಲಿಲ್ಲ, ಅದೇ ಟೈಮಲ್ಲಿ ಪಕ್ಕದ ಟಾಟನ್‌ಹ್ಯಾಮ್ ಕುಲುಸೆವ್‌ಸ್ಕಿ, ಬೆಂಟಾಂಕೂರ್ ಇಬ್ಬರನ್ನೂ ಎತ್ಕೊಂಡು ಬಂತು. ಕೊನೆಗೆ ಬರೀ 2 ಪಾಯಿಂಟ್‌ನಲ್ಲಿ ನಾಲ್ಕನೇ ಸ್ಥಾನ, ಅಂದ್ರೆ ಯುರೋಪಿನ ದೊಡ್ಡ ಕ್ಲಬ್ ಟೂರ್ನಿ ಚಾಂಪಿಯನ್ಸ್ ಲೀಗ್‌ಗೆ ಟಿಕೆಟ್, ಟಾಟನ್‌ಹ್ಯಾಮ್ ಪಾಲಾಯ್ತು. ಸ್ಟ್ರೈಕರ್ ಬಂದಿದ್ರೆ ಗ್ಯಾರಂಟಿ ಸಿಗ್ತಿತ್ತು ಅಂತ ನಾನೇನೂ ಹೇಳಲ್ಲ, ಆದ್ರೆ ಆರ್ಸೆನಲ್ ಫ್ಯಾನ್ ಹತ್ರ ಈ ಮಾತು ಆಡಿ ನೋಡಿ.

ಇನ್ನು ನಮ್ಮ ಕಡೆಯವರ ಕಥೆ ಬೇರೆ, 2025ರ ಜನವರಿ ವಿಂಡೋವರೆಗೂ ಇಂಗ್ಲೆಂಡಲ್ಲಿ ಸಾಮಾನ್ಯವಾಗಿ ರಾತ್ರಿ 11ಕ್ಕೆ ಮುಚ್ತಿತ್ತು, ಆಗ ಇಲ್ಲಿ ಬೆಳಗಿನ ಜಾವ ನಾಲ್ಕೂವರೆ, ಫೋನ್ ರಿಫ್ರೆಶ್ ಮಾಡ್ತಾ ನಿದ್ದೆಗೆಟ್ಟು ಕೂತೋನಿಗೆ "ಯಾರೂ ಬಂದಿಲ್ಲ" ಅಂದ್ರೆ ಇನ್ನೇನು ಮಾಡ್ತಾನೆ.